ಹೆಡ್‌ಫೋನ್ ಹಾಕಿಕೊಳ್ಳದವರ ಕೈಗೆ ನಿಮ್ಮ ವಿಡಿಯೋ ಸಂದರ್ಶನ ಕೊಡಬೇಡಿ

ಹನುಮಂತನಗರದಲ್ಲಿ ನಮ್ಮದೊಂದು ಸಣ್ಣ ಕಾಫಿಪುಡಿ ಅಂಗಡಿ ಇದೆ. ಅಪ್ಪ 1984ರಲ್ಲಿ ಶುರು ಮಾಡಿದ್ದು. ಈಗ ಅರ್ಧ ವ್ಯಾಪಾರ ವಾಟ್ಸಾಪ್‌ನಲ್ಲೇ ನಡೆಯುತ್ತದೆ. ಹೊಸ ಗಿರಾಕಿಗಳಿಗೆ ಅಪ್ಪನ ಮುಖವೂ ಗೊತ್ತಿಲ್ಲ, ಹುರಿಯುವಾಗ ಬರುವ ಘಮವೂ ಗೊತ್ತಿಲ್ಲ. ಅದಕ್ಕೇ ಅಪ್ಪನದೊಂದು, ಹಳೇ ಗಿರಾಕಿಗಳದು ಮೂರು ಸಂದರ್ಶನ ಮಾಡಿಸಿ ಯೂಟ್ಯೂಬ್, ಇನ್‌ಸ್ಟಾಗ್ರಾಂಗೆ ಹಾಕೋಣ ಅಂದುಕೊಂಡೆ. ಒಂದು ವಿಡಿಯೋ ತಂಡಕ್ಕೆ 38,000 ರೂಪಾಯಿಗೆ ಒಪ್ಪಿಸಿದೆ. ಅವರ ಹೆಸರು ಬರೆಯುವುದಿಲ್ಲ. ನನಗೆ ಬೇಕಾಗಿರುವುದು ಇಷ್ಟೇ, ನನಗಾದದ್ದು ಬೇರೆಯವರಿಗೆ ಆಗಬಾರದು.

ಅವರು ಬಂದಿದ್ದು ಬೆಳಿಗ್ಗೆ ಹತ್ತೂವರೆಗೆ. ರಸ್ತೆಯಲ್ಲಿ ಬಸ್ಸು, ಆಟೋ, ಪಕ್ಕದಲ್ಲಿ ಕಟ್ಟಡದ ಕೆಲಸ. 'ಅಂಗಡಿಯಲ್ಲೇ ಮಾಡೋಣ, ಲುಕ್ ಚೆನ್ನಾಗಿ ಬರುತ್ತೆ' ಎಂದರು. ನಾನು ಪುಡಿ ಮಾಡುವ ಮಿಷನ್ ನಿಲ್ಲಿಸಿದೆ. ಫ್ಯಾನ್ ನಿಲ್ಲಿಸಬೇಕಾ ಅಂತ ಕೇಳಿದೆ. 'ಎಡಿಟಿಂಗ್‌ನಲ್ಲಿ ತೆಗೀತೀವಿ ಮೇಡಂ' ಎಂದರು. ದಯವಿಟ್ಟು ಈ ಮಾತು ನಂಬಬೇಡಿ. ಮಾತಿನ ಜೊತೆ ಬೆರೆತ ಗಲಾಟೆಯನ್ನು ತೆಗೆಯಲು ಹೋದರೆ ಮಾತಿನ ಜೀವವೂ ಸ್ವಲ್ಪ ಹೋಗುತ್ತದೆ. ಅಪ್ಪನ ದನಿ ಡಬ್ಬದೊಳಗಿಂದ ಬಂದ ಹಾಗೆ ಆಯಿತು. ಅಪ್ಪ ಅವತ್ತು ಗಂಜಿ ಹಾಕಿದ ಖಾದಿ ಅಂಗಿ ತೊಟ್ಟಿದ್ದರು. ಕೈ ಆಡಿಸಿದಾಗಲೆಲ್ಲ ಬಟ್ಟೆ ಕಾಲರ್ ಮೈಕ್‌ಗೆ ಉಜ್ಜುತ್ತಿತ್ತು. ಮೈಕ್‌ಗೆ ಬೀಳುತ್ತಿರುವುದನ್ನು ಹೆಡ್‌ಫೋನ್ ಹಾಕಿಕೊಂಡು ಕೇಳುತ್ತಿದ್ದರೆ ಒಂದೇ ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಮೂರು ಜನ ಇದ್ದರು, ಒಬ್ಬರ ಕಿವಿಯಲ್ಲೂ ಹೆಡ್‌ಫೋನ್ ಇರಲಿಲ್ಲ.

ಪ್ರಶ್ನೆ ಕೇಳಿದ ಹುಡುಗ ಮೊಬೈಲ್ ನೋಡಿಕೊಂಡೇ ಓದಿದ. 'ಅಂಕಲ್, ನಿಮ್ಮ ಪುಡಿ ಬೇರೆಯವರಿಗಿಂತ ಚೆನ್ನಾಗಿದೆ ಅಲ್ವಾ?' ಅಪ್ಪ 'ಹೌದು' ಎಂದರು. 'ಯಾವಾಗ ಶುರು ಮಾಡಿದ್ರಿ?' '84ರಲ್ಲಿ.' ಪ್ರಶ್ನೆ ಕೇಳಿದವನ ದನಿಯನ್ನು ಕೊನೆಗೆ ಕತ್ತರಿಸುತ್ತಾರೆ. ಆಮೇಲೆ ಬರೀ '84ರಲ್ಲಿ' ಅನ್ನುವುದು ಉಳಿದರೆ ನೋಡುವವರಿಗೆ ಏನು ಅರ್ಥವಾಗಬೇಕು? 'ಪ್ರಶ್ನೆಯನ್ನೂ ಸೇರಿಸಿ ಉತ್ತರ ಹೇಳಿ, ಅಂಗಡಿ ಶುರು ಮಾಡಿದ್ದು 84ರಲ್ಲಿ ಅನ್ನಿ' ಅಂತ ಮೊದಲೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ಅದರ ಮೇಲೆ ಅಪ್ಪನ ಪ್ರತಿ ಮಾತಿಗೂ ಆ ಹುಡುಗ 'ಹ್ಞೂಂ, ಹ್ಞೂಂ, ಸೂಪರ್' ಅನ್ನುತ್ತಿದ್ದ. ಎಲ್ಲವೂ ರೆಕಾರ್ಡ್ ಆಗಿದೆ. ಎದುರಿಗಿರುವವರು ಮಾತಾಡುವಾಗ ತಲೆಯಾಡಿಸಬೇಕು, ಬಾಯಿ ಬಿಡಬಾರದು. ಅವರು ನಿಲ್ಲಿಸಿದ ಮೇಲೂ ಎರಡು ಮೂರು ಸೆಕೆಂಡ್ ಸುಮ್ನೆ ಇರಬೇಕು. ಎಷ್ಟೋ ಸಲ ನಿಜವಾದ ಮಾತು ಬರುವುದು ಆ ಮೌನದಲ್ಲೇ.

ಅವತ್ತೂ ಬಂತು. ಹುಡುಗ ಮುಂದಿನ ಪ್ರಶ್ನೆ ಹುಡುಕುತ್ತಿದ್ದಾಗ ಅಪ್ಪ ತಾವಾಗಿಯೇ ಹಳೇ ಕಾಲದ ಮಾತು ತೆಗೆದರು. ಆಗೆಲ್ಲ ಬೆಳೆಗಾರರು ಕಾಫಿಯನ್ನು ಸರ್ಕಾರದ ಕಾಫಿ ಬೋರ್ಡ್‌ನ ಪೂಲ್‌ಗೇ, ಅಂದರೆ ಎಲ್ಲರ ಬೆಳೆಯನ್ನೂ ಒಟ್ಟಿಗೆ ಸೇರಿಸಿ ಮಾರುವ ವ್ಯವಸ್ಥೆಗೇ, ಕೊಡಬೇಕಿತ್ತು. 1990ರ ದಶಕದಲ್ಲಿ ಆ ಪದ್ಧತಿಯನ್ನು ಹಂತಹಂತವಾಗಿ ತೆಗೆದರು, ಬೆಳೆಗಾರರಿಂದ ನೇರವಾಗಿ ಕೊಳ್ಳುವ ಹಾಗಾಯಿತು. ಆಗ ಅಪ್ಪ ಸಕಲೇಶಪುರಕ್ಕೆ ಬಸ್ಸಿನಲ್ಲಿ ಹೋಗಿ, ಗುರುತಿಲ್ಲದ ಒಬ್ಬ ಬೆಳೆಗಾರರ ಮನೆ ಬಾಗಿಲಲ್ಲಿ ನಿಂತು, ಸಾಲದ ಮೇಲೆ ಎರಡು ಮೂಟೆ ಬೀಜ ಕೇಳಿದ್ದು, ಅವರು ಊಟ ಹಾಕಿ ಕಳಿಸಿದ್ದು. ಮಗಳಾದ ನಾನೇ ಇದನ್ನು ಅಷ್ಟು ಪೂರ್ತಿಯಾಗಿ ಕೇಳಿರಲಿಲ್ಲ. ಅಪ್ಪನ ಕಣ್ಣು ತುಂಬಿತ್ತು.

ಆ ಆರು ನಿಮಿಷದ ಮಾತು ನಮ್ಮ ಹತ್ತಿರ ಇಲ್ಲ. ಅಷ್ಟೊತ್ತಿಗೆ ಕಾಲರ್ ಮೈಕ್‌ನ ಚಾರ್ಜ್ ಮುಗಿದಿತ್ತು. ಅಪ್ಪನ ತುಟಿ ಆಡುತ್ತದೆ, ಕೇಳುವುದು ಬಸ್ಸಿನ ಹಾರ್ನ್.

ಚಿತ್ರವೂ ಸರಿ ಇರಲಿಲ್ಲ. ಉದ್ದಕ್ಕೂ ಕಪ್ಪು ಪಟ್ಟಿಗಳು ಓಡುತ್ತವೆ. ಮದುವೆ ವಿಡಿಯೋ ಮಾಡುವ ಪರಿಚಯದವರೊಬ್ಬರು ನೋಡಿದ ಕೂಡಲೇ ಕಾರಣ ಹೇಳಿದರು. ನಮ್ಮಲ್ಲಿ ಕರೆಂಟ್ 50 ಹರ್ಟ್ಜ್. ನಮ್ಮ ಅಂಗಡಿಯಂಥ ಹಳೇ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕ್ಯಾಮೆರಾದ ಶಟರ್ ವೇಗ ಸೆಕೆಂಡಿನ 1/50 ಅಥವಾ 1/100ರಲ್ಲಿ ಇರಬೇಕು, ಇವರು 1/60ರಲ್ಲಿ ಬಿಟ್ಟಿದ್ದರು.

ಇಷ್ಟೇ ಆಗಿದ್ದರೆ ದುಡ್ಡು ಹೋಯಿತು ಅಂತ ಸುಮ್ಮನಾಗುತ್ತಿದ್ದೆನೇನೋ. ಗಿರಾಕಿಯ ವಿಡಿಯೋದಲ್ಲಿ ಆದದ್ದು ಇದಕ್ಕಿಂತ ದೊಡ್ಡ ತಪ್ಪು. ನಮ್ಮಲ್ಲಿ ಇಪ್ಪತ್ತು ವರ್ಷದಿಂದ ಪುಡಿ ಒಯ್ಯುವ ನಿವೃತ್ತ ಟೀಚರ್ ಒಬ್ಬರಿದ್ದಾರೆ. ಅವರು ಹೇಳಿದ್ದು, 'ಮೊದಲು ಚಿಕೋರಿ ಇಲ್ಲದ್ದು ಒಯ್ಯುತ್ತಿದ್ದೆ, ಈಗ 80-20 ಇಷ್ಟ.' 80-20 ಅಂದರೆ ನೂರಕ್ಕೆ 80 ಭಾಗ ಕಾಫಿ, 20 ಭಾಗ ಚಿಕೋರಿ. ಎಡಿಟ್ ಆಗಿ ಬಂದದ್ದು, 'ಚಿಕೋರಿ ಇಲ್ಲದ್ದು ಒಯ್ಯುತ್ತಿದ್ದೆ', ಅದರ ಪಕ್ಕಕ್ಕೇ ನಮ್ಮ 80-20 ಪ್ಯಾಕೆಟ್‌ನ ಚಿತ್ರ. ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿ ನೂರಕ್ಕೆ ಕನಿಷ್ಠ 51 ಭಾಗ ಇರಬೇಕು, ಎರಡರ ಪ್ರಮಾಣವನ್ನೂ ಪ್ಯಾಕೆಟ್ ಮೇಲೆ ಬರೆಯಬೇಕು ಅಂತ ನಿಯಮವಿದೆ. ನಾವು ಬರೆಯುತ್ತೇವೆ. ಪ್ಯಾಕೆಟ್ ಒಂದು ಹೇಳುತ್ತದೆ, ವಿಡಿಯೋ ಇನ್ನೊಂದು ಹೇಳುತ್ತದೆ. ಜಾಹೀರಾತಿನಲ್ಲಿ ಒಬ್ಬರು ಹೇಳುವ ಅಭಿಪ್ರಾಯ ಅವರ ನಿಜವಾದ ಅಭಿಪ್ರಾಯವೇ ಆಗಿರಬೇಕು ಅಂತ ಕೇಂದ್ರದ 2022ರ ಮಾರ್ಗಸೂಚಿಗಳೂ ಹೇಳುತ್ತವೆ. ತಂಡದವರು ನನಗೆ ತೋರಿಸದೆ ನೇರವಾಗಿ ಪೇಜ್‌ಗೆ ಹಾಕಿಬಿಟ್ಟಿದ್ದರು. ಪಾಸ್‌ವರ್ಡ್ ಕೊಟ್ಟಿದ್ದು ನನ್ನದೇ ತಪ್ಪು. ಟೀಚರ್ ಫೋನ್ ಮಾಡಿ, 'ನಾನು ಹಾಗೆ ಹೇಳಲಿಲ್ಲವಲ್ಲಮ್ಮ' ಎಂದರು. ಆ ಮಾತು ಈಗಲೂ ಚುಚ್ಚುತ್ತದೆ. ಅವತ್ತೇ ವಿಡಿಯೋ ತೆಗೆಸಿ, ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ.

ಉಳಿದದ್ದನ್ನಾದರೂ ನಾವೇ ಸರಿಮಾಡೋಣ ಅಂತ ಎಡಿಟ್ ಮಾಡದ ಫೈಲ್‌ಗಳನ್ನು ಕೇಳಿದೆ. 'ಅದು ಕೊಡಲ್ಲ, ಕೊಟೇಶನ್‌ನಲ್ಲಿ ಬರೆದಿದೆ' ಎಂದರು. ಹಣ ಕೊಟ್ಟು ಮಾಡಿಸಿದ ಚಿತ್ರಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಡಿಸಿದವರೇ ಮೊದಲ ಒಡೆಯರು ಅಂತ 1957ರ ಕೃತಿಸ್ವಾಮ್ಯ ಕಾಯ್ದೆ ಹೇಳುತ್ತದೆ. ಆದರೆ ನಾನು 'ಓಕೆ' ಅಂತ ಕಳಿಸಿದ ಕೊಟೇಶನ್‌ನ ಕೊನೇ ಸಾಲಿನಲ್ಲಿ ಆ ಬೇರೆ ಒಪ್ಪಂದ ಇತ್ತು. ಜಾಸ್ತಿ ಒತ್ತಾಯ ಮಾಡಿದ ಮೇಲೆ, ಮುಂದಿನ ಶೂಟಿಂಗ್‌ಗೆ ಕಾರ್ಡ್ ಫಾರ್ಮ್ಯಾಟ್ ಮಾಡಿಬಿಟ್ಟೆವು ಎಂದರು. ಅಡ್ವಾನ್ಸ್ ಕೊಡುವ ಮೊದಲೇ ಬರೆಸಿಕೊಳ್ಳಿ: ಪೂರ್ತಿ ಫೈಲ್ ಅವತ್ತು ಸಂಜೆಯೇ ನಿಮ್ಮ ಹಾರ್ಡ್‌ಡಿಸ್ಕ್‌ಗೆ ಬರಬೇಕು, ನೀವೂ ಮಾತಾಡಿದವರೂ ನೋಡಿ ಒಪ್ಪದೆ ಏನೂ ಹೊರಗೆ ಹೋಗಬಾರದು. ಅವರು ಹಿಂದೆ ಮಾಡಿದ ಒಂದು ಸಂದರ್ಶನವನ್ನು ಕಣ್ಣು ಮುಚ್ಚಿ ಕೇಳಿ. ನಾನು ಅವರ ಡ್ರೋನ್ ಶಾಟ್ ನೋಡಿ ಮರುಳಾಗಿದ್ದೆ.

ಮೂರು ವಾರ ಬಿಟ್ಟು ನಾನು, ತಮ್ಮ ಸೇರಿ ಮತ್ತೆ ಮಾಡಿದೆವು. ಬೆಳಿಗ್ಗೆ ಆರು ಗಂಟೆ, ಅಂಗಡಿ ಹಿಂದಿನ ಗೋಡೌನ್. ಸುತ್ತ ಬೀಜದ ಗೋಣಿಚೀಲಗಳಿದ್ದುದರಿಂದ ದನಿ ಗೋಡೆಗೆ ಬಡಿದು ಮರಳಲಿಲ್ಲ. ಒಂದು ಫೋನ್‌ನಲ್ಲಿ ಚಿತ್ರ. ಇನ್ನೊಂದಕ್ಕೆ ವೈರ್ ಇರುವ ಕಾಲರ್ ಮೈಕ್, ಎರಡೂ ಏರೋಪ್ಲೇನ್ ಮೋಡ್‌ನಲ್ಲಿ. ಶುರುವಿನಲ್ಲಿ ಒಂದು ಚಪ್ಪಾಳೆ ತಟ್ಟಿದರೆ ಆಮೇಲೆ ಎರಡನ್ನೂ ಹೊಂದಿಸಲು ಸುಲಭ. ಒಂದು ನಿಮಿಷ ರೆಕಾರ್ಡ್ ಮಾಡಿ, ಇಯರ್‌ಫೋನ್‌ನಲ್ಲಿ ಕೇಳಿ, ಆಮೇಲೆ ಮುಂದುವರಿದೆವು. ಅಪ್ಪ ನನ್ನನ್ನು ನೋಡಿಕೊಂಡು ಪೀಬೆರಿ, ಅಂದರೆ ಹಣ್ಣಿನಲ್ಲಿ ಒಂದೇ ಆಗಿ ಬರುವ ಗುಂಡು ಬೀಜದ ಬಗ್ಗೆ, ಹುರಿಯುವ ಹದದ ಬಗ್ಗೆ ಚೆನ್ನಾಗಿ ಮಾತಾಡಿದರು. ಟೀಚರ್ ಕೂಡ ಬಂದು ಕೂತರು, ಎಡಿಟ್ ಆದದ್ದನ್ನು ಅವರಿಗೆ ತೋರಿಸಿಯೇ ಹಾಕಿದೆವು.

ಸಕಲೇಶಪುರದ ವಿಷಯವನ್ನು ಎರಡು ಸಲ ಕೇಳಿದೆ. 'ಅದನ್ನ ಅವತ್ತೇ ಹೇಳಿದ್ನಲ್ಲ ಮಗಳೇ, ಅವರ ಹತ್ರ ಇರುತ್ತೆ ನೋಡು' ಎಂದರು ಅಪ್ಪ. ಅದು ಹೋಯಿತು ಅಂತ ಅವರಿಗೆ ನಾನಿನ್ನೂ ಹೇಳಿಲ್ಲ.