ಹುಬ್ಬಳ್ಳಿ ತಟ್ಟೆಯಲ್ಲಿ ಜಂಬಲಾಯ: ಹೆಸರಿನದೂ ತಪ್ಪು, ಅನ್ನದ್ದೂ ತಪ್ಪು

ವಿದ್ಯಾನಗರದ ಹೋಟೆಲೊಂದರ ಮೆನುವಿನಲ್ಲಿ ಅಮೆರಿಕದ ಲೂಸಿಯಾನಾ ರಾಜ್ಯದ ಅಕ್ಕಿಯ ಖಾದ್ಯ ಜಂಬಲಾಯ ಸೇರಿದೆ. ಕೆಳಗೆ ‘ಹ್ಯಾಮ್ ಅನ್ನ’, ಅಂದರೆ ಹಂದಿಮಾಂಸದ ಅನ್ನ, ಎಂಬ ವಿವರಣೆ. ತಟ್ಟೆಯಲ್ಲಿ ಮಾತ್ರ ಕೋಳಿ! ಹ್ಯಾಮ್ ಎಂಬರ್ಥದ ಫ್ರೆಂಚಿನ ‘ಜಾಂಬೋನ್’ಗೆ ‘ಯಾ’ ಅಂಟಿಸಿ, ಅದು ಆಫ್ರಿಕದಲ್ಲಿ ಅಕ್ಕಿಗಿರುವ ಹೆಸರೆಂದು ಕಟ್ಟಿದ ಕಥೆ ಅದು. ನಿಘಂಟುಗಳು ತೋರಿಸುವುದು ದಕ್ಷಿಣ ಫ್ರಾನ್ಸಿನ ಪ್ರೊವೆನ್ಸಾಲ್ ನುಡಿಯ ‘ಜಂಬಲಾಯಾ’ ಪದವನ್ನು. ಅರ್ಥ: ಕಲಸುಮೇಲೋಗರ. ನಮ್ಮ ಪದವೇ ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ.

ಆದರೆ ಲೂಸಿಯಾನಾದವರು ಬೆಂದ ಅನ್ನ ಕಲಸುವುದಿಲ್ಲ. ಉಳ್ಳಾಗಡ್ಡಿ, ಸೆಲರಿ, ಡೊಣ್ಣಮೆಣಸಿನಕಾಯಿ ಬಾಡಿಸಿ, ಮಾಂಸ ಸೇರಿಸಿ, ಅದೇ ಪಾತ್ರೆಗೆ ಹಸಿ ಅಕ್ಕಿ ಸುರಿಯುತ್ತಾರೆ. 1 ಲೋಟ ಅಕ್ಕಿಗೆ ಸುಮಾರು 2 ಲೋಟ ಮಾಂಸ ಬೇಯಿಸಿದ ನೀರು; ಟೊಮೆಟೊ ಹೆಚ್ಚಾದರೆ ಅಷ್ಟು ನೀರು ಕಡಿಮೆ. ಮುಚ್ಚಿ, ಸಣ್ಣ ಉರಿಯಲ್ಲಿ 20ರಿಂದ 25 ನಿಮಿಷ. ನಡುವೆ ಕೈಯಾಡಿಸಿದರೆ ಅಗುಳು ಒಡೆದು ಗಂಜಿಯಾಗುತ್ತದೆ. ಅಲ್ಲಿ ಇದಕ್ಕೆ ಎರಡು ಶೈಲಿ: ಟೊಮೆಟೊ ಬಿದ್ದರೆ ಕ್ರಿಯೋಲ್, ಬೀಳದೆ ಮಾಂಸ ಕಂದಾಗುವಂತೆ ಹುರಿದರೆ ಕೇಜನ್.

ಇಲ್ಲಿಯದು ಅವಸರದ ಅಡುಗೆ. ಅಗುಳು ಹಿಸುಕಿ ನೋಡಿದರೆ ಮೇಲೆ ಕೆಂಪು, ಒಳಗೆ ಅಚ್ಚ ಬಿಳುಪು. ಸಾರ ಇಳಿದೇ ಇಲ್ಲ. ಸೆಲರಿಯ ಬದಲು ಕೊತ್ತಂಬರಿ ದಂಟು ಹಾಕಿದ್ದಾರೆ, ಅದನ್ನು ಕ್ಷಮಿಸಬಹುದು. ಬ್ಯಾಡಗಿ ಮೆಣಸಿನಕಾಯಿಯ ಬಣ್ಣ ಸೊಗಸಾಗಿದೆ. ಟೊಮೆಟೊ ರೈಸ್ ಎಂದುಕೊಂಡು ತಿಂದರೆ ನಷ್ಟವಿಲ್ಲ.