ಹಿಮೆಯುರಿ ಶಾಂತಿ ಸಂಗ್ರಹಾಲಯ, ಓಕಿನಾವಾ: ಸ್ಮಾರಕಕ್ಕೆ ಕೈಮುಗಿದು ಹೊರಟುಬಿಡಬೇಡಿ

ಓಕಿನಾವಾ ದ್ವೀಪದ ದಕ್ಷಿಣ ತುದಿಗೆ ಹತ್ತಿರ, ಇತೊಮಾನ್ ನಗರಕ್ಕೆ ಸೇರಿದ ಇಹಾರಾದಲ್ಲಿ ಹಿಮೆಯುರಿ ಸ್ಮಾರಕವಿದೆ. ಪ್ರವಾಸಿ ಬಸ್ಸುಗಳು ಅದರ ಎದುರಿಗೇ ಬಂದು ನಿಲ್ಲುತ್ತವೆ. ರಸ್ತೆ ಬದಿಯಲ್ಲಿ ಹೂ ಮಾರುವವರಿದ್ದಾರೆ. ಹೂಗುಚ್ಛ ಕೊಂಡು, ಸ್ಮಾರಕದ ಮುಂದಿಟ್ಟು ಕೈಮುಗಿದು, ಕಾಲು ಗಂಟೆಯಲ್ಲಿ ಮತ್ತೆ ಬಸ್ಸು ಹತ್ತುವವರೇ ಹೆಚ್ಚು. ಅಲ್ಲಿಂದ ನಾಲ್ಕು ಹೆಜ್ಜೆ ಒಳಗಿರುವ ಸಂಗ್ರಹಾಲಯವನ್ನು ನೋಡದೆ ಹೋದರೆ ಮನಸ್ಸಿನಲ್ಲಿ ಉಳಿಯುವುದು 'ಪಾಪ, ಎಳೆಯ ಹುಡುಗಿಯರು ಯುದ್ಧದಲ್ಲಿ ಸತ್ತರಂತೆ' ಎಂಬ ಒಂದು ಮರುಕ ಮಾತ್ರ. ಅವರನ್ನು ರಣರಂಗಕ್ಕೆ ಕರೆತಂದವರು ಯಾರು, ಯಾವ ದಿನ ಯಾವ ಆದೇಶದಿಂದ ಸತ್ತರು, ಬದುಕುವ ದಾರಿ ಇತ್ತೇ ಎಂಬ ಪ್ರಶ್ನೆಗಳಿಗೆ ಉತ್ತರ ಒಳಗಿದೆ. ಯುದ್ಧದ ನಡುವೆ ಸಿಕ್ಕಿಕೊಂಡ ನಾಗರಿಕ ಮಕ್ಕಳ ಬದುಕನ್ನು ಇಷ್ಟು ನಿಖರವಾಗಿ, ಇಷ್ಟು ಪ್ರಾಮಾಣಿಕವಾಗಿ ಹೇಳುವ ಜಾಗಗಳು ತೀರಾ ಕಡಿಮೆ.

ಮೊದಲು ಹಿನ್ನೆಲೆ. ಎರಡನೇ ಮಹಾಯುದ್ಧದ ಕೊನೆಯ ಹಂತದಲ್ಲಿ, 1945ರಲ್ಲಿ, ಅಮೆರಿಕದ ಪಡೆ ಓಕಿನಾವಾದ ಮೇಲೆ ದಾಳಿ ಮಾಡಿತು. ಓಕಿನಾವಾದ ಮುಖ್ಯ ನಗರ ನಾಹಾದ ಒಂದೇ ಆವರಣದಲ್ಲಿ ಎರಡು ವಿದ್ಯಾಸಂಸ್ಥೆಗಳಿದ್ದವು: ಓಕಿನಾವಾ ಶಿಕ್ಷಕರ ತರಬೇತಿ ಶಾಲೆಯ ಮಹಿಳಾ ವಿಭಾಗ ಮತ್ತು ಪ್ರಾಂತ್ಯದ ಮೊದಲನೆಯ ಬಾಲಕಿಯರ ಪ್ರೌಢಶಾಲೆ. 1945ರ ಮಾರ್ಚ್ 23ರ ರಾತ್ರಿ ಇಲ್ಲಿನ 222 ವಿದ್ಯಾರ್ಥಿನಿಯರನ್ನೂ 18 ಶಿಕ್ಷಕರನ್ನೂ ನಾಹಾದ ಪಕ್ಕದ ಹಾಯೆಬಾರುವಿನಲ್ಲಿದ್ದ ಜಪಾನಿ ಸೇನಾ ಆಸ್ಪತ್ರೆಗೆ ಕಳಿಸಲಾಯಿತು. ಇವರನ್ನೇ ಇಂದು ಹಿಮೆಯುರಿಗಳು ಎನ್ನುತ್ತಾರೆ. ಹುಡುಗಿಯರ ವಯಸ್ಸು 15ರಿಂದ 19. ಮಹಿಳೆಯರನ್ನೂ ಯುದ್ಧಸೇವೆಗೆ ಕರೆಯಬಹುದೆಂಬ ಕಾನೂನು ಜಪಾನಿನಲ್ಲಿ ಜಾರಿಗೆ ಬಂದದ್ದು ಅದೇ ವರ್ಷದ ಜೂನ್ ಕೊನೆಯಲ್ಲಿ. ಅಷ್ಟು ಹೊತ್ತಿಗೆ ಈ ಹುಡುಗಿಯರಲ್ಲಿ ಬಹಳಷ್ಟು ಮಂದಿ ಸತ್ತಾಗಿತ್ತು. ಕರೆದೊಯ್ದ 240 ಮಂದಿಯಲ್ಲಿ ಮಡಿದವರು 136. ಕರೆಗೆ ಒಳಗಾಗದೆ ಬೇರೆಡೆ ಸತ್ತವರನ್ನೂ ಸೇರಿಸಿದರೆ ಎರಡು ಶಾಲೆಗಳು ಕಳೆದುಕೊಂಡದ್ದು 227 ಜನರನ್ನು.

ನೋಡುವ ಕ್ರಮದ ಬಗ್ಗೆ ಒಂದು ಖಚಿತ ಸಲಹೆ: ನೇರವಾಗಿ ಇಹಾರಾಕ್ಕೆ ಹೋಗಬೇಡಿ. ಮೊದಲು ಹಾಯೆಬಾರುವಿನ 20ನೇ ಸಂಖ್ಯೆಯ ಸುರಂಗ ನೋಡಿ. 1944ರ ಅಕ್ಟೋಬರ್ 10ರ ವಾಯುದಾಳಿಯಲ್ಲಿ ನಾಹಾ ಸುಟ್ಟುಹೋದ ಮೇಲೆ ಸೇನಾ ಆಸ್ಪತ್ರೆ ಹಾಯೆಬಾರುವಿನ ಶಾಲೆಗೆ ಬಂತು. ಬಾಂಬ್ ದಾಳಿಗೆ ಹೆದರಿ ಪಕ್ಕದ ಗುಡ್ಡದಲ್ಲಿ ಗುದ್ದಲಿ ಪಿಕಾಸಿಗಳಿಂದ ಹತ್ತಾರು ಸುರಂಗ ತೋಡಲಾಯಿತು. ಅವುಗಳಲ್ಲಿ ಈಗ ಜನರಿಗೆ ತೆರೆದಿರುವುದು ಈ 20ನೆಯದು. ಉದ್ದ ಸುಮಾರು 70 ಮೀಟರ್, ಅಗಲವೂ ಎತ್ತರವೂ ಸುಮಾರು 1.8 ಮೀಟರ್. ಈ ಅಗಲದಲ್ಲೇ ಒಂದು ಬದಿಗೆ ಎರಡಂತಸ್ತಿನ ಹಲಗೆ ಮಂಚ, ಉಳಿದ ಸಂದಿಯಲ್ಲಿ ಓಡಾಟ. 1990ರಲ್ಲಿ ಹಾಯೆಬಾರು ಪಟ್ಟಣಾಡಳಿತ ಈ ಸುರಂಗಗಳನ್ನು ಸಾಂಸ್ಕೃತಿಕ ಆಸ್ತಿ ಎಂದು ಘೋಷಿಸಿತು. ಯುದ್ಧದ ಕುರುಹೊಂದಕ್ಕೆ ಜಪಾನಿನಲ್ಲಿ ಇಂಥ ಮಾನ್ಯತೆ ಸಿಕ್ಕಿದ್ದು ಅದೇ ಮೊದಲು. 2007ರಿಂದ ಒಳಗೆ ಬಿಡುತ್ತಿದ್ದಾರೆ.

ಸುರಂಗಕ್ಕೆ ಮುಂಚಿತವಾಗಿ ಕಾಯ್ದಿರಿಸಲೇಬೇಕು. ಸುಮ್ಮನೆ ಹೋಗಿ ನಿಂತರೆ ಒಳಗೆ ಹೋಗಲಾಗದೆ ಹಿಂದಿರುಗುವ ಸಾಧ್ಯತೆಯೇ ಹೆಚ್ಚು. ಹೆಲ್ಮೆಟ್ಟು, ಟಾರ್ಚು ಅವರೇ ಕೊಡುತ್ತಾರೆ. ಮಾರ್ಗದರ್ಶಕರು ಜೊತೆಗೆ ಬರುತ್ತಾರೆ. ನೆಲ ತೇವ, ಜಾರುವ ಮಣ್ಣು. ಹಿಡಿತವಿರುವ ಶೂ ಇರಲಿ. ಇಕ್ಕಟ್ಟಾದ ಜಾಗದಲ್ಲಿ ಉಸಿರು ಕಟ್ಟುವಂತಾಗುವವರು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮಾರ್ಗದರ್ಶಕರು ಎಲ್ಲರ ಟಾರ್ಚನ್ನೂ ಒಮ್ಮೆ ಆರಿಸಲು ಹೇಳಿದರೆ ಆರಿಸಿ. ಆ ಕತ್ತಲೆಯಲ್ಲಿ ನಿಲ್ಲದೆ ಮುಂದೆ ಇಹಾರಾದಲ್ಲಿ ಓದುವ ಸಾಕ್ಷ್ಯಗಳು ಪೂರ್ತಿ ತಲೆಗೆ ಹೋಗುವುದಿಲ್ಲ. ಚಾವಣಿಯಲ್ಲಿ ಯಾರೋ ಕೆತ್ತಿದ ಒಂದು ಅಕ್ಷರ ಕಾಣಿಸುತ್ತದೆ. ಅದು ಕೊರಿಯಾದವರ ಕುಲನಾಮ. ಜಪಾನಿ ಸೇನೆಯ ಈ ಆಸ್ಪತ್ರೆಯಲ್ಲಿ ಓಕಿನಾವಾದ ಹುಡುಗಿಯರ ಜೊತೆ ಇನ್ಯಾರೆಲ್ಲ ಇದ್ದರು ಎಂಬುದಕ್ಕೆ ಆ ಒಂದು ಗೀರು ಸಾಕು.

ಸುರಂಗದಿಂದ ಹೊರಬಂದ ಮೇಲೆ ಊಟ ಹೊತ್ತು ತರುತ್ತಿದ್ದ ದಾರಿಯಲ್ಲೂ ನಡೆಯಿರಿ. ಅಡುಗೆ ಆಗುತ್ತಿದ್ದುದು ಗುಡ್ಡದ ಆಚೆ. ಅನ್ನ ತುಂಬಿದ ಭಾರದ ಮರದ ಪೀಪಾಯಿಯನ್ನು ಇಬ್ಬರು ಹುಡುಗಿಯರು ಹೊತ್ತು, ಕೆಸರಿನ ಏರು ಹತ್ತಿ, ಶೆಲ್ ಬೀಳುವ ಬಯಲು ದಾಟಿ ತರಬೇಕಿತ್ತು. ಸುರಂಗದ ಒಳಗಿಗಿಂತ ಈ ಹೊರಗಿನ ಕೆಲಸದಲ್ಲೇ ಜೀವಭಯ ಹೆಚ್ಚು. ನೀರು ತರುವುದು, ಹೆಣ ಹೂಳುವುದು, ಕತ್ತರಿಸಿದ ಕೈಕಾಲುಗಳನ್ನು ಹೊರಗೆ ಸಾಗಿಸುವುದು ಎಲ್ಲವೂ ಇದೇ ಹುಡುಗಿಯರ ಪಾಲಿಗೆ. ಒಳಗೆ ಗಾಯದ ಹುಳು ತೆಗೆಯುವುದು, ಶಸ್ತ್ರಚಿಕಿತ್ಸೆಯ ಹೊತ್ತಿಗೆ ಮೇಣದಬತ್ತಿ ಹಿಡಿದು ನಿಲ್ಲುವುದು, ಮಲಮೂತ್ರ ಎತ್ತುವುದು. ದಿನ ಕಳೆದಂತೆ ಅನ್ನದ ಉಂಡೆ ಪಿಂಗ್‌ಪಾಂಗ್ ಚೆಂಡಿನಷ್ಟಾಯಿತು. ಇವರು ತರಬೇತಾದ ದಾದಿಯರಲ್ಲ ಎಂಬುದನ್ನು ಮರೆಯಬಾರದು. ಕೆಲವೇ ದಿನದಲ್ಲಿ ಶಾಲೆಗೆ ಹಿಂದಿರುಗುತ್ತೇವೆಂದು ಪಠ್ಯಪುಸ್ತಕ, ಪೆನ್ನು, ಅಳತೆಪಟ್ಟಿಗಳನ್ನೂ ಚೀಲದಲ್ಲಿ ಹಾಕಿಕೊಂಡು ಬಂದಿದ್ದರು. ಮಾರ್ಚ್ 29ರ ರಾತ್ರಿ, ಶೆಲ್‌ಗಳ ಸದ್ದಿನ ನಡುವೆ, ಮೇಣದಬತ್ತಿಯ ಬೆಳಕಿನಲ್ಲಿ ಅವರ ಪದವಿ ಪ್ರದಾನವೂ ಇಲ್ಲೇ ನಡೆಯಿತು.

ಈಗ ಇಹಾರಾ. ನಾಹಾ ಬಸ್ ಟರ್ಮಿನಲ್‌ನಿಂದ 89ನೇ ಸಂಖ್ಯೆಯ ಬಸ್ಸಿನಲ್ಲಿ ಇತೊಮಾನ್ ಟರ್ಮಿನಲ್, ಅಲ್ಲಿಂದ 82ನೆಯದು ಹಿಡಿದು ಹಿಮೆಯುರಿ ಸ್ಮಾರಕದ ನಿಲ್ದಾಣ. 89 ಆಗಾಗ ಸಿಗುತ್ತದೆ, 82 ಅಪರೂಪ. ಇತೊಮಾನ್‌ನಲ್ಲಿ ಬಸ್ಸು ತಪ್ಪಿದರೆ ಒಂದು ಗಂಟೆ ಹೋದಂತೆಯೇ. ಸಂಗ್ರಹಾಲಯ ಬೆಳಿಗ್ಗೆ 9ಕ್ಕೆ ತೆರೆಯುತ್ತದೆ. 2021ರ ನವೀಕರಣದ ನಂತರ ವಯಸ್ಕರಿಗೆ ನಿಗದಿಯಾದ ಟಿಕೆಟ್ ದರ 450 ಯೆನ್, ವಿದ್ಯಾರ್ಥಿಗಳಿಗೆ ಕಡಿಮೆ. ಪ್ರದರ್ಶನ ಕೋಣೆಗಳಲ್ಲಿ ಕ್ಯಾಮೆರಾ ತೆಗೆಯಬೇಡಿ. ಶಾಲಾ ಪ್ರವಾಸದ ಗುಂಪುಗಳು ಒಟ್ಟಿಗೆ ನುಗ್ಗಿದಾಗ ಫಲಕ ಓದಲು ಆಗುವುದಿಲ್ಲ. ಶರತ್ಕಾಲದಲ್ಲಿ ಈ ಗದ್ದಲ ಹೆಚ್ಚು. ಬಾಗಿಲು ತೆರೆಯುವ ಹೊತ್ತಿಗೇ ಒಳಗಿರಿ, ಇಲ್ಲವೇ ಮಧ್ಯಾಹ್ನ ಕಳೆದ ಮೇಲೆ ಬನ್ನಿ. ಜೂನ್ 23 ಓಕಿನಾವಾದ ಮೃತರ ಸ್ಮರಣೆಯ ದಿನ. ಅಂದು ಗೌರವ ಸಲ್ಲಿಸಲು ಹೋಗುವುದು ಸರಿ. ನಿಂತು ಓದಬೇಕೆಂದಿದ್ದರೆ ಬೇರೆ ದಿನ ಆರಿಸಿಕೊಳ್ಳಿ. ಕನಿಷ್ಠ ಎರಡು ಗಂಟೆ ಇಟ್ಟುಕೊಳ್ಳಿ. ಪ್ಯಾಕೇಜ್ ಪ್ರವಾಸಗಳು ಕೊಡುವ ಅರ್ಧ ಗಂಟೆ ಯಾವುದಕ್ಕೂ ಸಾಲದು.

ಕೋಣೆಗಳ ಕ್ರಮವೇ ಇಲ್ಲಿನ ದೊಡ್ಡ ಶಕ್ತಿ. ಮೊದಲಿಗೆ ಯುದ್ಧವೇ ಇಲ್ಲ. ಶಾಲೆ, ಹಾಸ್ಟೆಲ್ಲು, ಆಟ, ಗೆಳತಿಯರ ನಗು. ಆಮೇಲೆ ನಿಧಾನವಾಗಿ ಪಾಠದ ಜಾಗದಲ್ಲಿ ಕಂದಕ ತೋಡುವ ಕೆಲಸ, ಕವಾಯತು, ದೇಶಕ್ಕಾಗಿ ಸಾಯುವುದೇ ಹಿರಿಮೆ ಎಂಬ ಬೋಧನೆ ಬಂದು ಕೂರುತ್ತವೆ. ಅವಸರದವರು ಈ ಕೋಣೆಯನ್ನು ದಾಟಿ ನೇರ ಯುದ್ಧಕ್ಕೆ ಹೋಗುತ್ತಾರೆ. ಅದು ತಪ್ಪು. ಮುಂದೆ ಶರಣಾಗದೆ ಸತ್ತ ಹುಡುಗಿಯರ ಮನಸ್ಸು ಸಿದ್ಧವಾದದ್ದು ಈ ಕೋಣೆಯಲ್ಲಿರುವ ವರ್ಷಗಳಲ್ಲೇ. ಆಸ್ಪತ್ರೆಯ ಭಾಗದಲ್ಲಿ ನವೀಕರಣದ ಹೊತ್ತಿಗೆ ಚಿತ್ರಗಳನ್ನು ಸೇರಿಸಿದ್ದಾರೆ. ಸುರಂಗದೊಳಗಿನ ಜೀವನಕ್ಕೆ ಫೋಟೋಗಳ ಆಧಾರ ಇಲ್ಲದಿರುವಾಗ, ಬದುಕುಳಿದವರ ಮಾತಿನಂತೆ ಬರೆಸಿದ ಚಿತ್ರವೇ ಸರಿಯಾದ ದಾರಿ. ಯುದ್ಧ ಕಂಡಿಲ್ಲದ ಎಳೆಯರಿಗೆ ಬರೀ ಪಠ್ಯಕ್ಕಿಂತ ಇದು ಬೇಗ ನಾಟುತ್ತದೆ.

ಮೂರನೆಯ ಭಾಗ ನಿಂತು ಓದಬೇಕಾದದ್ದು. ಮೇ ಕೊನೆಯಲ್ಲಿ ಅಮೆರಿಕದ ಪಡೆ ಹತ್ತಿರವಾದಾಗ ಆಸ್ಪತ್ರೆಯನ್ನು ದಕ್ಷಿಣಕ್ಕೆ ಎಬ್ಬಿಸಲಾಯಿತು. ಏಳಲಾರದ ಗಾಯಾಳುಗಳನ್ನು ಬಿಟ್ಟುಹೋದರು. ಸಯನೈಡ್ ಬೆರೆಸಿದ ಹಾಲು ಕೊಟ್ಟದ್ದಕ್ಕೆ ಸಾಕ್ಷ್ಯಗಳಿವೆ. ದಕ್ಷಿಣದಲ್ಲಿ ಹುಡುಗಿಯರು ಇಹಾರಾ ಸುತ್ತಮುತ್ತಲ ಆರು ಗುಹೆಗಳಲ್ಲಿ ಹಂಚಿಹೋದರು. ಆಸ್ಪತ್ರೆ ಎನ್ನಲು ಅಲ್ಲಿ ಔಷಧವೂ ಇರಲಿಲ್ಲ, ಉಪಕರಣವೂ ಇರಲಿಲ್ಲ. ಜೂನ್ 18ರ ರಾತ್ರಿ ವಿಸರ್ಜನೆಯ ಆದೇಶ ಬಂತು: ಇನ್ನು ಮುಂದೆ ನಿಮ್ಮ ನಿಮ್ಮ ದಾರಿ ನೀವೇ ನೋಡಿಕೊಳ್ಳಿ. ಕರೆದೊಯ್ದ ದಿನದಿಂದ ಆ ರಾತ್ರಿಯವರೆಗಿನ ಸುಮಾರು ಮೂರು ತಿಂಗಳಲ್ಲಿ ಸತ್ತ ಹಿಮೆಯುರಿಗಳು 19. ಆದೇಶದ ನಂತರದ ಕೆಲವೇ ದಿನಗಳಲ್ಲಿ ಸತ್ತವರು 100ಕ್ಕೂ ಹೆಚ್ಚು.

ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಎಲ್ಲವೂ ತಿಳಿಯಾಗುತ್ತದೆ. ಸಾವು ಹೀಗೇಕೆ ಒಮ್ಮೆಲೇ ಏರಿತು? ಆದೇಶ ಬರುವ ಹೊತ್ತಿಗೆ ಭೂಮಿಯ ಕಡೆಯಿಂದ ಟ್ಯಾಂಕು, ಸಮುದ್ರದ ಕಡೆಯಿಂದ ಹಡಗಿನ ಫಿರಂಗಿ. ಓಡಲು ಉಳಿದದ್ದು ದ್ವೀಪದ ತುದಿಯ ಬಂಡೆಗಳು ಮಾತ್ರ. ಗುಹೆಯಿಂದ ಹೊರಗೆ ಅಟ್ಟಿಸಿಕೊಂಡವರಿಗೆ ತಲೆಮರೆಸಿಕೊಳ್ಳಲು ಒಂದು ಮರವೂ ಇರಲಿಲ್ಲ. ಸೆರೆ ಸಿಕ್ಕರೆ ಮಾನ ಪ್ರಾಣ ಎರಡೂ ಹೋಗುತ್ತವೆ ಎಂದು ಸೈನ್ಯ ತಲೆಗೆ ತುಂಬಿದ್ದರಿಂದ ಕೈ ಎತ್ತಿ ಹೊರಬರುವ ಧೈರ್ಯ ಹೆಚ್ಚಿನವರಿಗೆ ಬರಲಿಲ್ಲ. ಮರುದಿನ ನಸುಕಿನಲ್ಲಿ ಇಹಾರಾದ ಮೂರನೇ ಶಸ್ತ್ರಚಿಕಿತ್ಸಾ ಗುಹೆಯ ಮೇಲೆ ಅನಿಲದ ಬಾಂಬ್ ದಾಳಿಯಾಯಿತು. ಒಳಗಿದ್ದ ಸುಮಾರು 100 ಮಂದಿಯಲ್ಲಿ 80ಕ್ಕೂ ಹೆಚ್ಚು ಜನ ಸತ್ತರು. ಸ್ಮಾರಕದ ಎದುರಿಗೆ ಬಾಯ್ದೆರೆದಿರುವ ಕುಳಿ ಅದೇ ಗುಹೆ. ಮೂರು ತಿಂಗಳು ದುಡಿಸಿಕೊಂಡು, ಎಲ್ಲ ದಾರಿ ಮುಚ್ಚಿದ ಮೇಲೆ 'ನೀವಿನ್ನು ಸ್ವತಂತ್ರರು' ಎಂದ ಸೈನ್ಯದ ಹೊಣೆಯನ್ನು ಸಂಗ್ರಹಾಲಯ ಕೂಗಾಡದೆ, ಮರೆಮಾಚದೆ ಮುಂದಿಡುತ್ತದೆ. ಇದನ್ನು ಮೆಚ್ಚಲೇಬೇಕು.

ನಾಲ್ಕನೆಯ ಕೋಣೆಯಲ್ಲಿ ಸತ್ತವರ ಭಾವಚಿತ್ರಗಳು ಗೋಡೆ ತುಂಬಾ ಇವೆ. ಪ್ರತಿಯೊಬ್ಬರ ಹೆಸರು, ಎಲ್ಲಿ ಹೇಗೆ ಸತ್ತರು ಎಂಬ ವಿವರ. ಆ ಗುಹೆಯ ನಿಜಗಾತ್ರದ ಪ್ರತಿಕೃತಿಯೂ ಇಲ್ಲೇ ಇದೆ. ಮೇಜುಗಳ ಮೇಲೆ ಬದುಕುಳಿದವರ ಸಾಕ್ಷ್ಯಗಳನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸಿ ಪುಸ್ತಕಗಳಾಗಿ ಇಟ್ಟಿದ್ದಾರೆ. ಎರಡು ಗಂಟೆಯಲ್ಲಿ ಒಂದು ಗಂಟೆ ಈ ಕೋಣೆಗೇ ಮೀಸಲಿಡಿ. ಎಲ್ಲ ಪುಸ್ತಕ ತಿರುವಿ ಹಾಕುವುದಕ್ಕಿಂತ ಒಂದನ್ನು ಪೂರ್ತಿ ಓದಿ, ಆಮೇಲೆ ಅದರಲ್ಲಿ ಬರುವ ಗೆಳತಿಯರ ಮುಖಗಳನ್ನು ಗೋಡೆಯ ಮೇಲೆ ಹುಡುಕಿ. ಕೊರತೆಯೂ ಇಲ್ಲೇ ಇದೆ. ಫಲಕಗಳಿಗೆ ಇಂಗ್ಲಿಷ್ ವಿವರಣೆ ಇದ್ದರೂ ಸಾಕ್ಷ್ಯಗಳ ಆಳ ಜಪಾನಿ ಓದುವವರಿಗೆ ಸಿಗುವಷ್ಟು ಬೇರೆಯವರಿಗೆ ಸಿಗುವುದಿಲ್ಲ. ಜಪಾನಿ ಬಾರದವರು ಟಿಕೆಟ್ ಕೊಂಡ ಕೂಡಲೇ ಪುಸ್ತಕದ ಮಳಿಗೆಯಲ್ಲಿ ಇಂಗ್ಲಿಷ್ ಮಾರ್ಗದರ್ಶಿ ಕೇಳಿ, ಅದನ್ನು ಕೈಯಲ್ಲಿ ಹಿಡಿದೇ ಒಳಗೆ ಹೋಗುವುದು ಲೇಸು.

ಇದು ಸರ್ಕಾರ ಕಟ್ಟಿದ ಸಂಸ್ಥೆಯಲ್ಲ. ಆ ಶಾಲೆಗಳ ಹಳೆಯ ವಿದ್ಯಾರ್ಥಿನಿಯರ ಸಂಘ ತನ್ನ ಹಣ, ದೇಣಿಗೆ ಕೂಡಿಸಿ 1989ರ ಜೂನ್ 23ರಂದು ತೆರೆಯಿತು. ತಾವು ಮಾತ್ರ ಉಳಿದೆವೆಂಬ ಸಂಕಟದಿಂದ ದಶಕಗಳ ಕಾಲ ಬಾಯಿ ಬಿಡದಿದ್ದ ಮಹಿಳೆಯರು ಗುಹೆಗಳಿಗೆ ಮತ್ತೆ ಇಳಿದು ವಸ್ತುಗಳನ್ನು ಹೆಕ್ಕಿದರು, ಸತ್ತ ಗೆಳತಿಯರ ಮನೆಗಳಿಗೆ ಹೋಗಿ ಫೋಟೋ ಕೇಳಿದರು. ಸಿನಿಮಾಗಳು ಅವರನ್ನು ದೇಶಕ್ಕಾಗಿ ಪ್ರಾಣ ತೆತ್ತ ಕನ್ಯೆಯರೆಂದು ಮೆರೆಸಿದ್ದವು. ಆ ಬಣ್ಣವನ್ನು ಇವರು ಒಪ್ಪಲಿಲ್ಲ. ಕೊನೆಯ ಕೋಣೆ ಈ ಯುದ್ಧಾನಂತರದ ಬದುಕಿನದು. ದಣಿದು ಇದನ್ನು ಬಿಟ್ಟುಹೋಗುವವರಿದ್ದಾರೆ, ಬಿಡಬೇಡಿ. ಬದುಕುಳಿದವರು ಒಳಗೆ ನಿಂತು ಕಥನ ಹೇಳುವುದು 2015ರಲ್ಲಿ ನಿಂತಿತು. ಈಗ ಯುದ್ಧ ಕಾಣದ ತಲೆಮಾರಿನ ವಿವರಣೆಗಾರರು ಆ ಕೆಲಸ ಮಾಡುತ್ತಾರೆ. ಬದುಕುಳಿದವರ ಜೊತೆ ವರ್ಷಗಟ್ಟಲೆ ಕೆಲಸ ಮಾಡಿ ಕಲಿತವರು ಇವರಲ್ಲಿದ್ದಾರೆ, ಪ್ರಶ್ನೆ ಕೇಳಲು ಹಿಂಜರಿಯಬೇಡಿ.

ಮಕ್ಕಳನ್ನು ಕರೆತರಬಹುದೇ? ಹನ್ನೆರಡು ದಾಟಿದವರನ್ನು ಧಾರಾಳವಾಗಿ. ಅದಕ್ಕಿಂತ ಚಿಕ್ಕವರಿಗೆ ಮೊದಲ ಕೋಣೆ, ಅಗೆದು ತೆಗೆದ ಬಾಚಣಿಗೆ, ಪೆನ್ಸಿಲ್ ಡಬ್ಬಿಗಳು ಸಾಕು. ಸಾಕ್ಷ್ಯಗಳನ್ನು ಓದಿಸುವ ಅಗತ್ಯವಿಲ್ಲ.

ಇಲ್ಲಿನ ಮುಖ್ಯ ನೋಟ ಎರಡು ಶಾಲೆಗಳ ಮೇಲಿದೆ, ಅದು ಸಹಜ. ಆದರೆ ಯುದ್ಧಕ್ಕೆ ಎಳೆದದ್ದು ಓಕಿನಾವಾದ 21 ಶಾಲೆಗಳ ಮಕ್ಕಳನ್ನು. ಹುಡುಗರನ್ನು ಸಂದೇಶ ಒಯ್ಯಲು, ಸೇತುವೆ ದುರಸ್ತಿಗೆ, ಕೊನೆಗೆ ಕಾದಾಟಕ್ಕೂ ಬಳಸಿದರು. ಇಡೀ ಚಿತ್ರ ಬೇಕೆಂದರೆ ಮಾಬುನಿ ಗುಡ್ಡದ ಪ್ರಾಂತೀಯ ಶಾಂತಿ ಸಂಗ್ರಹಾಲಯಕ್ಕೂ ಹೋಗಿ. 21 ಶಾಲೆಗಳ ಹೆಸರು ಕೆತ್ತಿದ 2017ರ ಸ್ಮಾರಕವೂ ಅಲ್ಲೇ ಇದೆ. 82ರ ಬಸ್ಸು ಅತ್ತ ಕಡೆಯೂ ಹೋಗುತ್ತದೆ. ಹಾಯೆಬಾರು, ಇಹಾರಾ, ಮಾಬುನಿ ಮೂರನ್ನೂ ಬಸ್ಸಿನಲ್ಲಿ ಒಂದೇ ದಿನಕ್ಕೆ ತುರುಕಿದರೆ ಯಾವುದನ್ನೂ ನೋಡಿದಂತಾಗುವುದಿಲ್ಲ. ಒಂದು ದಿನ ಬೆಳಿಗ್ಗೆ ಸುರಂಗ, ಮಧ್ಯಾಹ್ನ ಇಹಾರಾ; ಮಾಬುನಿಗೆ ಇನ್ನೊಂದು ದಿನ. ಸಂಗ್ರಹಾಲಯದ ಒಳಗೆ ಹೋಗುವ ಮೊದಲೇ ನಿಲ್ದಾಣದ ವೇಳಾಪಟ್ಟಿಯಿಂದ ಹಿಂದಿರುಗುವ 82ರ ಎರಡು ಸಮಯ ಬರೆದುಕೊಳ್ಳಿ: ಒಂದು ನೀವು ಅಂದುಕೊಂಡ ಸಮಯ, ಇನ್ನೊಂದು ಅದರ ನಂತರದ್ದು. ನಾಲ್ಕನೆಯ ಕೋಣೆಯಲ್ಲಿ ಓದುತ್ತ ಕುಳಿತವರು ಮೊದಲನೆಯ ಬಸ್ಸನ್ನು ಸಾಮಾನ್ಯವಾಗಿ ಬಿಟ್ಟೇ ಬಿಡುತ್ತಾರೆ.