ಲಕ್ಷ ಫೋಟೊ, ಕಲಬುರಗಿ ಬಿಸಿಲು: ಹಾರ್ಡ್‌ಡಿಸ್ಕೋ, ಎಸ್‌ಎಸ್‌ಡಿಯೋ, ಕ್ಲೌಡೋ?

ಫೋಟೊ ಒಂದಕ್ಕೆ 5 ಎಂಬಿ ಹಿಡಿದರೆ ಲಕ್ಷ ಫೋಟೊಗೆ 500 ಜಿಬಿ. ಇಷ್ಟನ್ನು ಮೂರೂ ಕಡೆ ಹಾಕಿ ನೋಡಿದರೆ, ಡಬ್ಬಿಯ ಮೇಲೆ ಬರೆದ ವೇಗಕ್ಕಿಂತ ನಮ್ಮೂರಿನ ಮೇ ತಿಂಗಳೇ ದೊಡ್ಡ ಲೆಕ್ಕ ಅನ್ನೋದು ಗೊತ್ತಾಗುತ್ತದೆ.

ಪೋರ್ಟಬಲ್ ಹಾರ್ಡ್‌ಡಿಸ್ಕ್ ಅಗ್ಗ. ಆದರೆ ಹಲವು ಮಾಡೆಲ್‌ಗಳಿಗೆ ಚಾಲೂ ಇದ್ದಾಗಿನ ಮಿತಿ ಬರೇ 35 ಡಿಗ್ರಿ. ಇಲ್ಲಿ ಏಪ್ರಿಲ್, ಮೇನಲ್ಲಿ ನೆರಳಲ್ಲೇ 40 ದಾಟುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಕಾಪಿ ಮಾಡೋದು ನಸುಕಿನಲ್ಲೇ. ಡಿಸ್ಕನ್ನು ಗಾದಿ ಮೇಲಲ್ಲ, ಬರೀ ಪರ್ಸಿ ಮೇಲೆ ಇಡಬೇಕು. ಸೆಕೆಂಡಿಗೆ 100 ಎಂಬಿ ಸಿಕ್ಕರೆ ಒಂದೂವರೆ ತಾಸಿನ ಕೆಲಸ. ಅದನ್ನೇ ಹಳೇ ಯುಎಸ್‌ಬಿ 2 ಪೋರ್ಟಿಗೆ ಚುಚ್ಚಿದರೆ 35 ಎಂಬಿಯಂತೆ ನಾಲ್ಕು ತಾಸು. ಅಷ್ಟರಲ್ಲಿ ಕರೆಂಟು ಹೋಗದಿದ್ದರೆ ಪುಣ್ಯ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಬಿಟ್ಟು ಲ್ಯಾಪ್‌ಟಾಪಿನಿಂದಲೇ ಕಾಪಿ ಮಾಡಿ. ವಿಂಡೋಸ್ ಒಂದೇ ಬಳಸುವವರು ಡಿಸ್ಕನ್ನು ಎಕ್ಸ್‌ಫ್ಯಾಟ್ ಬದಲು ಎನ್‌ಟಿಎಫ್‌ಎಸ್‌ಗೆ (ಎರಡೂ ಡಿಸ್ಕಿನಲ್ಲಿ ಫೈಲ್ ಜೋಡಿಸಿಡುವ ಬಗೆಗಳು) ಫಾರ್ಮ್ಯಾಟ್ ಮಾಡಿ. ಕಾಪಿ ನಡುವೆ ಕಡಿದುಹೋದರೆ ಎನ್‌ಟಿಎಫ್‌ಎಸ್ ಹೆಚ್ಚು ತಾಳಿಕೊಳ್ಳುತ್ತದೆ.

ಚಿಪ್‌ನಲ್ಲಿ ಡೇಟಾ ಇಡುವ ಎಸ್‌ಎಸ್‌ಡಿ ಇದಕ್ಕೆ ಪೂರಾ ಉಲ್ಟಾ. ಓಡುವಾಗ ಬಿಸಿಲಿಗೆ ಅಂಜೋದಿಲ್ಲ (ಸ್ಯಾಮ್‌ಸಂಗ್ ಟಿ7 ಮಿತಿ 60 ಡಿಗ್ರಿ), ಕೈಜಾರಿ ಬಿದ್ದರೂ ಒಳಗೆ ತಿರುಗುವ ತಟ್ಟೆಯಿಲ್ಲ. ತೊಂದರೆ ಇರೋದು ಸುಮ್ಮನೆ ಇಟ್ಟಾಗ. ಅದರ ಡೇಟಾ ವಿದ್ಯುತ್ ಚಾರ್ಜ್ ರೂಪದಲ್ಲಿರುತ್ತದೆ, ಬಿಸಿ ಹೆಚ್ಚಿದಷ್ಟೂ ಬೇಗ ಸೋರುತ್ತದೆ. ಬರವಣಿಗೆಯ ಆಯಸ್ಸು ಮುಗಿದ (ಅಂದರೆ ಎಷ್ಟು ಡೇಟಾ ಬರೆಯಬಹುದೋ ಅಷ್ಟನ್ನೂ ಬರೆದು ಸವೆದ) ಎಸ್‌ಎಸ್‌ಡಿ ಕರೆಂಟಿಲ್ಲದೆ 30 ಡಿಗ್ರಿಯಲ್ಲಿ 1 ವರ್ಷ ಹಿಡಿದಿಟ್ಟರೆ ಸಾಕು ಅನ್ನುತ್ತದೆ ಚಿಪ್ ಉದ್ಯಮದ ಸಂಸ್ಥೆ ಜೆಡೆಕ್‌ನ ಮಾನದಂಡ. ಹೊಸದು ಇನ್ನೂ ಹೆಚ್ಚು ತಾಳುತ್ತದೆ, ನಿಜ. ಹಾಗಂತ ಪಡುವಣ ಗೋಡೆಯ ಅಲಮಾರಿಯಲ್ಲಿಟ್ಟು ಮೂರು ವರ್ಷ ಮರೆಯುವ ವಸ್ತುವಲ್ಲ.

ಕ್ಲೌಡ್‌ಗೆ ಬಿಸಿಲಿನ ಚಿಂತೆಯಿಲ್ಲ, ಅಪ್‌ಲೋಡಿನದೇ ಚಿಂತೆ. 10 ಎಂಬಿಪಿಎಸ್ (ಸೆಕೆಂಡಿಗೆ 10 ಮೆಗಾಬಿಟ್, ಅಂದರೆ 1.25 ಎಂಬಿ) ಅಪ್‌ಲೋಡಿನಲ್ಲಿ 500 ಜಿಬಿ ಹೋಗಲು ನಾಲ್ಕೂವರೆ ದಿನದ ಮೇಲೆ, ಅದೂ ಹಗಲು ರಾತ್ರಿ ತಡೆಯಿಲ್ಲದೆ ಹೋದರೆ. 2021ರ ಜೂನ್ 1ರಿಂದ ಗೂಗಲ್ ಫೋಟೋಸ್ ಪುಕ್ಕಟೆ ಇರೋದು 15 ಜಿಬಿವರೆಗೆ ಮಾತ್ರ, ಅದರಲ್ಲೇ ಜಿಮೇಲಿನ ಪಾಲೂ ಸೇರಿದೆ. ‘ಸ್ಟೋರೇಜ್ ಸೇವರ್’ ಆರಿಸಿದರೆ 16 ಮೆಗಾಪಿಕ್ಸೆಲ್‌ಗಿಂತ ದೊಡ್ಡ ಚಿತ್ರ ಕುಗ್ಗುತ್ತದೆ. ಮುಖ್ಯ ಮಾತು: ಆ್ಯಪ್‌ನಲ್ಲಿ ಅಳಿಸಿದ್ದು ಕ್ಲೌಡಿನಿಂದಲೂ ಹೋಗುತ್ತದೆ, ಕಸದ ಬುಟ್ಟಿಯಲ್ಲಿ 60 ದಿನ ಅಷ್ಟೇ. ಹುಡುಕಲು ಇದರಷ್ಟು ಸಲೀಸು ಬೇರೆ ಇಲ್ಲ, ಆದರೆ ಇದೊಂದನ್ನೇ ಬ್ಯಾಕಪ್ ಅಂತ ನಂಬಬಾರದು.

ಡಿವಿಡಿ ಕೇಳುವವರು ಇನ್ನೂ ಇದ್ದಾರೆ: ನೂರಕ್ಕೂ ಮೇಲೆ ಬೇಕಾಗುತ್ತವೆ, ಬಿಟ್ಟುಬಿಡಿ.

ನಮ್ಮ ಆಯ್ಕೆ: ದಿನದ ಕೆಲಸ ಎಸ್‌ಎಸ್‌ಡಿಯಲ್ಲಿ, ಕಾಯ್ದಿಡೋದು ಎರಡು ಹಾರ್ಡ್‌ಡಿಸ್ಕಿನಲ್ಲಿ. ಒಂದು ಮನೆಯಲ್ಲಿ, ಇನ್ನೊಂದು ಹುಮನಾಬಾದಿನ ಬೀಗರ ಮನೆಯಲ್ಲಾದರೂ ಸರಿ, ಒಂದೇ ಸೂರಿನಡಿ ಬೇಡ. ಫೋಲ್ಡರ್ ಹೆಸರು ‘2024-05-12 ಮದುವೆ ಆಳಂದ’ ಹೀಗೆ ವರ್ಷದಿಂದ ಶುರುವಾದರೆ ತಾನೇ ಸಾಲಾಗಿ ನಿಲ್ಲುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಬಂದದ್ದರಲ್ಲಿ ತೆಗೆದ ದಿನಾಂಕ ಅಳಿಸಿಹೋಗಿರುತ್ತದೆ. ಅವನ್ನು ಬೇರೆ ಫೋಲ್ಡರಿಗೆ ಹಾಕಿ, ಮದುವೆ ಫೋಟೊ ‘ಡಾಕ್ಯುಮೆಂಟ್’ ಆಗಿಯೇ ಕಳಿಸಲು ಹೇಳಿ.

ಆರು ತಿಂಗಳಿಗೊಮ್ಮೆ ಡಿಸ್ಕಿನ ಆರೋಗ್ಯ ತೋರಿಸುವ ವಿಂಡೋಸ್ ಆ್ಯಪ್ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತೆರೆದು ನೋಡಿ. ಅದರಲ್ಲಿ ಸಿ7 ಸಾಲಿನ (ಡೇಟಾ ಸಾಗುವಾಗಿನ ತಪ್ಪುಗಳ ಎಣಿಕೆ) ಅಂಕಿ ಏರುತ್ತಿದ್ದರೆ ಸಾಮಾನ್ಯವಾಗಿ ಕೇಬಲ್ ಸಡಿಲ, ಬೇರೆ ಕೇಬಲ್ ಹಾಕಿ. 05 ಅಥವಾ ಸಿ5 (ಡಿಸ್ಕಿನಲ್ಲಿ ಕೆಟ್ಟ, ಕೆಡುತ್ತಿರುವ ಜಾಗಗಳ ಎಣಿಕೆ) ಏರುತ್ತಿದ್ದರೆ ಅವತ್ತೇ ಹೊಸ ಡಿಸ್ಕ್ ತನ್ನಿ.